ಲಿಫ್ಟ್ ಇಳಿಸದೆ ನೋಡಿ

ಅವರು ಮೊದಲ ಸಲ ನಮ್ಮ ರಿಪೇರಿ ಶೆಡ್ಡಿಗೆ ಬಂದಾಗ ಪ್ಯಾಂಟಿನ ತುಂಬ ಹೈಡ್ರಾಲಿಕ್ ಆಯಿಲ್. ಗಿಡಗಳ ನರ್ಸರಿಗೆಂದು ಕೊಂಡ ಪುಟ್ಟ ಟ್ರ್ಯಾಕ್ಟರು. ಅದರ ಹಿಂದೆ ಕಟ್ಟಿದ, ಮಣ್ಣು ಹದಮಾಡುವ ರೋಟವೇಟರನ್ನು ಲಿಫ್ಟಿನಲ್ಲಿ ಮೇಲೆತ್ತಿಟ್ಟುಕೊಂಡೇ ಆಯಿಲಿನ ಅಳತೆಕಡ್ಡಿ ತೆಗೆದು ನೋಡಿದ್ದರು. ಕಡಿಮೆಯಿದೆ ಎಂದು ಸುರಿದದ್ದೇ ಸುರಿದದ್ದು. ಲಿಫ್ಟ್ ಇಳಿಸಿದ ಕೂಡಲೇ ಆಯಿಲ್ ಉಕ್ಕಿ ಮೈಮೇಲೆ ಬಂದಿತ್ತು.

“ಎತ್ತಿದಾಗ ಆಯಿಲ್ ಮೇಲಿನ ಸಿಲಿಂಡರಿಗೆ ಹೋಗಿರತ್ತೆ ಕಣ್ರೀ. ಇಳಿಸಿ ನೋಡ್ಬೇಕು,” ಎಂದೆ.

“ಮೆಕ್ಯಾನಿಕ್ ಎಲ್ಲಿದಾರೆ?”

“ಈಗ ಬೈತಾ ಇರೋದು ಅವಳೇ.”

ನನ್ನ ಕೈಯ ಸ್ಪಾನರನ್ನು ನೋಡಿದರು, ಮುಖ ನೋಡಿದರು, ಆಮೇಲೆ ಕಿವಿಯವರೆಗೂ ಕೆಂಪಾದರು. ಅಂದಿನಿಂದ ನಾನು ಅವರಿಗೆ ‘ಮೇಸ್ತ್ರಿ’.

ಎರಡು ವರ್ಷ, ತಿಂಗಳಿಗೊಂದು ಸಲ ಬಂದರು. ಪ್ರತಿ ಸಲವೂ ಲಿಫ್ಟ್ ಮೇಲೆ.

“ಮೇಸ್ತ್ರೀ, ಮತ್ತೆ ಕಡಿಮೆ ತೋರಿಸ್ತಿದೆ ನೋಡಿ.”

ಮುಖದಲ್ಲಿ ಏನೂ ಅರಿಯದ ಪಾಪದ ಭಾವ. ತುಟಿಯ ಒಂದು ಮೂಲೆ ಮಾತ್ರ ಗುಟ್ಟು ಬಿಟ್ಟುಕೊಡುತ್ತಿತ್ತು. ನಾನು ಲಿವರ್ ಒತ್ತಿ ರೋಟವೇಟರನ್ನು ನೆಲಕ್ಕಿಳಿಸುತ್ತಿದ್ದೆ. ಕಡ್ಡಿ ಒರೆಸಿ, ಅದ್ದಿ, ಅವರ ಮೂಗಿನ ಮುಂದೆಯೇ ಹಿಡಿಯುತ್ತಿದ್ದೆ.

“ಸರಿಯಾಗೇ ಇದೆ.”

“ಹೌದಾ? ಹಂಗಾದ್ರೆ ಮುಂದಿನ ತಿಂಗಳು ನೋಡೋಣ.”

ಆ ಮುಂದಿನ ತಿಂಗಳಿಗಾಗಿ ನಾನು ದಿನ ಎಣಿಸುತ್ತಿದ್ದೆ. ಅಪ್ಪ ಲೇತಿನ ಪಕ್ಕ ಕೂತು, ಬಲಗೈಯನ್ನು ಎಂದಿನಂತೆ ಜೇಬಿನಲ್ಲಿಟ್ಟುಕೊಂಡು, ಮುಸಿಮುಸಿ ನಗುತ್ತಿದ್ದರು. ಅಪ್ಪನಿಗೆ ಇವರು ‘ಜೇಬಿನ ಸಾಹೇಬರು’ ಎಂದು ಹೆಸರಿಟ್ಟಿದ್ದರು.

ಒಂದು ಚಳಿಯ ಬೆಳಿಗ್ಗೆ ಮಾತ್ರ, “ಇವತ್ತು ಲಿಫ್ಟ್ ಇಳಿಸದೆ ನೋಡಿ ಮೇಸ್ತ್ರೀ. ಒಂದೇ ಒಂದು ಸಲ,” ಎಂದರು. ದನಿಯಲ್ಲಿ ತಮಾಷೆ ಇರಲಿಲ್ಲ. ನಾನೇ ನಕ್ಕೆ. ನಗುತ್ತಲೇ ಲಿವರ್ ಒತ್ತಿದೆ.

ಆಮೇಲೆ ನಾಲ್ಕು ತಿಂಗಳು ಅವರು ಬರಲಿಲ್ಲ.

ಇವತ್ತು ಬಂದರು. ಬಂದು ನಿಲ್ಲಿಸಿದವರೇ ತಾವಾಗಿಯೇ ರೋಟವೇಟರನ್ನು ಕೆಳಗಿಳಿಸಿದರು.

“ಪೂರ್ತಿ ಆಯಿಲ್ ಬದಲಾಯಿಸಿ. ಫಿಲ್ಟರೂ.”

“ಇದಿನ್ನೂ ಕೆಟ್ಟಿಲ್ವಲ್ಲ.”

“ಗಾಡೀನ ಭಾವನಿಗೆ ಕೊಡ್ತಿದೀನಿ. ಹೊಸದು ಹಾಕಿಸಿ ಕೊಡೋಣ ಅಂತ.”

“ಮತ್ತೆ ನೀವು?”

“ಅಕ್ಕ ಒಂದು ಹುಡುಗಿ ನೋಡಿದ್ಲು. ಒಪ್ಕೊಂಡೆ. ಅವರ ಊರಲ್ಲೇ ಬೀಜದ ಅಂಗಡಿ ಇದೆ, ಅಲ್ಲೇ ಇರೋದು. ಸೋಮವಾರ ಮದುವೆ.”

ನಾನು ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡೆ. ಮುಖ ಮರೆಸಲು ಅಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಡ್ರೈನ್ ಬೋಲ್ಟ್ ಬಿಚ್ಚಿದೆ. ಬೆಚ್ಚಗಿನ ಆಯಿಲ್ ಜೇನಿನ ಎಳೆಯಂತೆ ತಟ್ಟೆಗೆ ಇಳಿಯತೊಡಗಿತು. ಪೂರ್ತಿ ಇಳಿಯಲು ಇಪ್ಪತ್ತು ನಿಮಿಷ ಬೇಕು. ನನಗೆ ಉಳಿದದ್ದೂ ಅಷ್ಟೇ.

“ನಾಲ್ಕು ತಿಂಗಳು ಯಾಕೆ ಬರ್ಲಿಲ್ಲ?” ಕೆಳಗಿನಿಂದಲೇ ಕೇಳಿದೆ.

ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಅದು ಅಲುಗಲಿಲ್ಲ.

“ಅವತ್ತು ಇಳಿಸಿಬಿಟ್ರಲ್ಲ. ನೀವು ಹಾಗೇ ಬಿಟ್ಟಿದ್ರೆ ನಿಮ್ಮನ್ನೇ ಮದುವೆಗೆ ಕೇಳೋಣ ಅಂತಿದ್ದೆ. ರಾತ್ರಿಯೆಲ್ಲಾ ಯೋಚ್ನೆ ಮಾಡಿ ಬಂದಿದ್ದೆ. ನೀವು ನಕ್ಕು ಇಳಿಸಿದ್ರಿ. ಅದೇ ಉತ್ತರ ಅಂದ್ಕೊಂಡೆ.”

ನಾನು ಹೊರಗೆ ಬಂದೆ. ಅಷ್ಟರಲ್ಲಿ ಅಪ್ಪ ಹೊಸ ಆಯಿಲ್ ಡಬ್ಬವನ್ನು ಎರಡೂ ಕೈಯಲ್ಲಿ ಹೊತ್ತು ತಂದು ಕೆಳಗಿಟ್ಟರು. ಅಪ್ಪನ ಬಲಗೈ ಮೊದಲ ಸಲ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಎರಡು ಬೆರಳಿರಲಿಲ್ಲ.

“ಇದಾ?” ಅಪ್ಪ ಕೈ ತಿರುಗಿಸಿ ನೋಡಿಕೊಂಡರು. “ಎತ್ತಿದ ರೋಟವೇಟರ್ ಕೆಳಗೆ ಕೈ ಹಾಕಿದ್ದೆ ಕಣಪ್ಪಾ. ಜಾರಿ ಬಿತ್ತು. ಇವಳು ಆಗ ಪಕ್ಕದಲ್ಲೇ ಇದ್ಲು. ಅವತ್ತಿಂದ ಎತ್ತಿಟ್ಟ ಗಾಡಿ ಹತ್ರಾನೂ ಹೋಗಲ್ಲ. ರಾಜನೇ ಬಂದು ಹೇಳ್ಲಿ, ಮೊದಲು ಇಳಿಸ್ತಾಳೆ.”

ಅಪ್ಪ ಒಳಗೆ ಹೋದರು. ತಟ್ಟೆಗೆ ಕೊನೆಯ ಹನಿಗಳು ಬೀಳುತ್ತಿದ್ದವು.

“ನನಗೆ ಗೊತ್ತಿರಲಿಲ್ಲ,” ಎಂದರು.

“ನನಗೂ.”

“ಮಾತು ಕೊಟ್ಟಾಗಿದೆ ಮೇಸ್ತ್ರೀ. ಪಾಪ ಆ ಹುಡುಗಿ ಏನು ಮಾಡಿದಾಳೆ, ಹೇಳಿ.”

“ಏನೂ ಮಾಡಿಲ್ಲ,” ಎಂದೆ.

ಬೋಲ್ಟ್ ಬಿಗಿದೆ. ಫಿಲ್ಟರ್ ಹಾಕಿದೆ. ಹೊಸ ಆಯಿಲ್ ತುಂಬಿದೆ. ಅವರು ಎಂಜಿನ್ ಚಾಲೂ ಮಾಡಿ, ಗಾಳಿ ಹೋಗಲೆಂದು ಲಿಫ್ಟನ್ನು ನಾಲ್ಕು ಸಲ ಎತ್ತಿ ಇಳಿಸಿದರು. ಆಫ್ ಮಾಡಿದ ಮೇಲೆ ಕಡ್ಡಿ ಅದ್ದಿ ತೆಗೆದೆ. ಕಣ್ಣು ಮಂಜಾಗಿ ಗೆರೆ ಕಾಣಲಿಲ್ಲ. ಅವರೇ ನನ್ನ ಮಣಿಕಟ್ಟು ಹಿಡಿದು ಬಗ್ಗಿ ನೋಡಿದರು. ಎರಡು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

“ಸರಿಯಾಗೇ ಇದೆ,” ಎಂದರು. ಕೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಗೇಟಿನ ಹತ್ತಿರ ಹೋಗಿ ಲಿಫ್ಟ್ ಮೇಲೆತ್ತಿದರು. ರಸ್ತೆಯಲ್ಲಿ ಹೋಗುವಾಗ ಎಲ್ಲರೂ ಎತ್ತಲೇಬೇಕು, ಇಲ್ಲವಾದರೆ ನೆಲಕ್ಕೆ ತಗಲುತ್ತದೆ. ಅದಕ್ಕೆ ಬೇರೆ ಅರ್ಥವೇನೂ ಇಲ್ಲ. ತಿರುವು ದಾಟುವವರೆಗೂ ಅದನ್ನೇ ನನಗೆ ನಾನೇ ಹೇಳಿಕೊಳ್ಳುತ್ತಾ ನಿಂತಿದ್ದೆ.

ಹಳೆಯ ಆಯಿಲನ್ನು ಡ್ರಮ್ಮಿಗೆ ಸುರಿಯಲು ತಟ್ಟೆ ಎತ್ತಿದೆ. ಅದು ಇನ್ನೂ ಬೆಚ್ಚಗಿತ್ತು.