ಹಾಲಿನ ಕೊಸರು

“ಮಗೂ ಹೊಟ್ಟೆಗೂ ಜಿಪುಣತನವೇನೇ?” ಡಬ್ಬದ ಮೇಲೆ ಬರೆದಂತೆ ಹಾಲುಪುಡಿ ಅಳೆಯುತ್ತಿದ್ದ ಸೊಸೆಯ ಕೈಯಿಂದ ಅತ್ತೆ ಚಮಚ ಕಿತ್ತುಕೊಂಡರು. ಗೋಪುರದಂತೆ ಪುಡಿ ತುಂಬಿ ಬಾಟಲಿಗೆ ಸುರಿದರು. ನೀರು ಅಷ್ಟೇ, ಪುಡಿ ಮಾತ್ರ ಧಾರಾಳ! ತರಕಾರಿ ಅಂಗಡಿ ನಡೆಸಿ ಪಳಗಿದ ಕೈ ಅದು. ತೂಕದ ಮೇಲೊಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳಿಸಿದ್ದಿಲ್ಲ. ಸೊಸೆಯ ತಟ್ಟೆಗೆ ಮಾತ್ರ ಅದೇ ಕೈ ಅಳೆದು ಬಡಿಸುತ್ತಿತ್ತು.

ಸೊಸೆ ಡಬ್ಬದ ಮುಚ್ಚಳ ಹಾಕಿದಳು. ಹೆರಿಗೆಯ ನಂತರದ ಕಾಯಿಲೆಯಲ್ಲಿ ಅವಳ ಎದೆಹಾಲು ಬತ್ತಿತ್ತು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳಿಗೆ ಜಗಳವಾಡಲೂ ತ್ರಾಣವಿರಲಿಲ್ಲ. ಗಂಡನೋ... ಅಮ್ಮ ಬಾಯಿ ತೆರೆದರೆ ಗೋಡೆ ನೋಡುವ ಮಹಾನುಭಾವ!

ಮಗು ಗುಂಡಗುಂಡಗಾಯಿತು. “ನನ್ನ ಕೈಗುಣ!” ಎಂದು ಅತ್ತೆ ಬೀಗಿದರು. ಆದರೆ ಇಬ್ಬರೂ ಲಸಿಕೆ ಹಾಕಿಸಲು ಹೋದಾಗ ಡಾಕ್ಟರಮ್ಮ ಮಗುವಿನ ತೂಕ ನೋಡಿ ಹುಬ್ಬೇರಿಸಿದರು. ಹಾಲು ಕಲಸುವ ಬಗೆಯನ್ನು ಅತ್ತೆ ಹೆಮ್ಮೆಯಿಂದಲೇ ಹೇಳಿದರು.

“ಅಯ್ಯೋ ಅಜ್ಜಿ, ಹಾಗೆ ಮಾಡ್ಬಾರ್ದು. ಪುಡಿ ಹೆಚ್ಚಾದ್ರೆ ಪ್ರೋಟೀನೂ ಹೆಚ್ಚು. ಆಗ ಮಗು ಮೈಯಲ್ಲಿ ಇನ್ಸುಲಿನ್ ಜಾಸ್ತಿ ಬರುತ್ತೆ, ಕುಡಿದದ್ದು ಕೊಬ್ಬಾಗಿ ಕೂರುತ್ತೆ. ಎಳೇ ಕಿಡ್ನಿಗೂ ಭಾರ.”

ಇನ್ಸುಲಿನ್! ದಿನಾ ಹೊಟ್ಟೆಗೆ ಅದೇ ಸೂಜಿ ಚುಚ್ಚಿಕೊಳ್ಳುವ ಅತ್ತೆಯ ಮುಖ ಬಿಳಿಚಿಕೊಂಡಿತು. “ನನ್ನ ಕಾಯಿಲೇನ... ಮಗೂಗೂ ಕುಡಿಸಿಬಿಟ್ನಾ ಡಾಕ್ಟ್ರೇ?”

“ಇಲ್ಲ ಅಜ್ಜಿ, ಸಕ್ಕರೆ ಕಾಯಿಲೆ ಬಂದಿಲ್ಲ. ಹೀಗೇ ಬಿಟ್ರೆ ಮುಂದೆ ಬೊಜ್ಜು ಬರೋ ಭಯ. ಇವತ್ತಿಂದ ಚಮಚದ ಮಟ್ಟಕ್ಕೇ ಹಾಕಿ.”

ದಾರಿಯುದ್ದಕ್ಕೂ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸೊಸೆಗೆ ಹೇಳುವುದಕ್ಕೆ ಎಷ್ಟೆಲ್ಲ ಇತ್ತು! ಆದರೆ ಬೈಯುವುದಕ್ಕೂ ಶಕ್ತಿ ಬೇಕಲ್ಲ... “ಅಳ್ಬೇಡಿ ಅತ್ತೆ, ಪ್ರೀತಿಯಿಂದ್ಲೇ ಮಾಡಿದ್ರಿ” ಎಂದಷ್ಟೇ ಹೇಳಿ, ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

ಸಂಜೆ ಅತ್ತೆ ಚಮಚದ ಮೇಲೆದ್ದ ಪುಡಿಯನ್ನು ಚಾಕುವಿನ ಬೆನ್ನಿನಿಂದ ಸವರಿ ಡಬ್ಬಕ್ಕೇ ಕೆಡವಿದರು. ಕೊಸರು ಹಾಕಿಯೇ ಗೊತ್ತಿದ್ದ ಕೈ ಮತ್ತೊಮ್ಮೆ ಸವರಿ ನೋಡಿತು. ಬಾಟಲಿಯನ್ನು ಸೊಸೆಯ ಕೈಗಿತ್ತು, “ನೀನೇ ಕುಡಿಸಮ್ಮ” ಎಂದರು.

ಊಟಕ್ಕೆ ಕೂತಾಗ ಸೊಸೆಯ ತಟ್ಟೆಗೆ ಎಂದಿನಂತೆ ಒಂದು ಸೌಟು ಬಿತ್ತು. ಅವಳು ತಟ್ಟೆ ಎಳೆದುಕೊಳ್ಳುವಷ್ಟರಲ್ಲಿ ಮತ್ತೊಂದು ಸೌಟು!

“ಸಾಕು ಅತ್ತೆ...”

“ಕೊಸರು ಕಣೇ, ತಿನ್ನು. ಹಾಕ್ಬೇಕಾದ ಕಡೆ ಇಷ್ಟು ದಿನ ಹಾಕ್ಲೇ ಇಲ್ಲ ನಾನು.”

ಸೊಸೆಯ ಕಣ್ಣು ತುಂಬಿ ಬಂತು. ಬೇಡವೆನ್ನಲಿಲ್ಲ.