ಬಿಳಿ ಪಂಚೆಯ ಕೆಳಗಿನ ಪೆಟ್ಟಿಗೆಗಳು

"ಕಾಣದೇ ಇರೋ ಪೆಟ್ಟಿಗೇನ ಮಕ್ಕಳು ಹೆಂಗಪ್ಪಾ ಎಣಿಸ್ತಾರೆ?"

ಖಾಲಿ ತರಗತಿಯಲ್ಲಿ ನಿಂತು ಶಾರದ ತನ್ನಷ್ಟಕ್ಕೆ ಕೇಳಿಕೊಂಡಳು. ನಜರ್‌ಬಾದಿನ ಆ ಶಾಲೆಯಲ್ಲಿ ಐದನೇ ತರಗತಿಗೆ ಲೆಕ್ಕ ಹೇಳುವವಳು ಅವಳು. ಮೇಜಿನ ಮೇಲೆ ಸೀಮೆಸುಣ್ಣದ ಖಾಲಿ ಪೆಟ್ಟಿಗೆಗಳು ದಸರಾ ಬೊಂಬೆ ಕೂರಿಸುವ ಮೆಟ್ಟಿಲಿನಂತೆ ಪೇರಿ ನಿಂತಿದ್ದವು.

"ಬಿಚ್ಚಿ, ಅವರ ಕೈಯಲ್ಲೇ ಕಟ್ಟಿಸಿ ನೋಡಿ ಟೀಚರ್."

ಬೆಚ್ಚಿ ತಿರುಗಿದಳು! ಬಾಗಿಲಲ್ಲಿ ಹೊಸ ಮುಖ.

"ಅಶೋಕ ಅಂತ. ನಾಲ್ಕನೇ ತರಗತಿಗೆ ಮೇಷ್ಟ್ರಾಗಿ ಇವತ್ತೇ ಸೇರಿದೆ."

"ಕದ್ದು ಕೇಳೋದೂ ಇವತ್ತೇ ಶುರುನಾ ಮೇಷ್ಟ್ರೇ?"

"ನೀವು ಕೇಳಿದ್ದು ಬೀದಿಗೇ ಕೇಳಿಸ್ತು ಕಣ್ರೀ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅಯ್ಯೋ ಶಿವನೇ, ಆ ಕಣ್ಣುಗಳನ್ನು ಯಾಕಾದರೂ ನೋಡಿದೆ...

ಅಂದಿನಿಂದ ದಿನಾ ಸಂಜೆ ಇಬ್ಬರೂ ಘನಫಲದ ಪಾಠವನ್ನು ಕಟ್ಟುತ್ತ ಕೂತರು. ಒಂದು ಮಗು ನೋಡಿ ಹೇಳಲಿ, ಇನ್ನೊಂದು ಚಿತ್ರ ಬರೆಯಲಿ, ಮತ್ತೊಂದು ಕಟ್ಟಿ ಎಣಿಸಲಿ. ಮಗು ಎಲ್ಲಿ ತಡವರಿಸುತ್ತದೋ ಪಾಠ ಅಲ್ಲಿಂದಲೇ ತಿರುಗಬೇಕು ಎನ್ನುತ್ತಿದ್ದ ಅಶೋಕ.

ಒಂದು ಬೆಳಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವಳ ತಂದೆ ಪ್ರಭುಸ್ವಾಮಿ ಮಾತೆತ್ತಿದರು. ಶಾಲಾ ಸಮಿತಿಯ ಅಧ್ಯಕ್ಷರು ಅವರೇ.

"ಆ ಮೇಷ್ಟ್ರು ಯಾವ ಜನ ಅಂತ ಗೊತ್ತೇನಮ್ಮಾ? ಸಾಯಂಕಾಲ ಜೊತೇಲಿ ಕೂರೋದು ಸಾಕು. ಅವನ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ."

ಗೊತ್ತಿತ್ತು. ಅವನ ಮನೆಯಲ್ಲಿ ದೀಪ ಹಚ್ಚುವುದು ಬುದ್ಧನ ಪಟದ ಮುಂದೆ. ಗೊತ್ತಿದ್ದೇ ಅಲ್ಲವೇ ಮನಸ್ಸು ಹೋದದ್ದು...

ಆದರೆ ಆ ವಾರವೇ ಶಿಕ್ಷಕರ ಸಭೆಯಲ್ಲಿ ಶಾರದಳ ಪಾಠದ ಮಾತು ಬಂದಾಗ, ಮುಖ್ಯೋಪಾಧ್ಯಾಯಿನಿ ಮಂಜುಳಮ್ಮನವರ ಎದುರಿಗೆ ಅಶೋಕ ಹೇಳಿಬಿಟ್ಟ.

"ಮೇಡಂ, ಬೊಂಬೆ ಮೆಟ್ಟಿಲೊಂದನ್ನೇ ನೆಚ್ಚಿಕೊಂಡ್ರೆ ಪಾಠ ನಡೆಯಲ್ಲ."

ಎಲ್ಲರ ಮುಂದೆ! ನಮ್ಮ ಮನೆಯ ಹಬ್ಬ ಇವನಿಗೆ ಅಷ್ಟು ಹಗುರವೇ? ಶಾರದ ಅವನೊಂದಿಗೆ ಮಾತು ಬಿಟ್ಟಳು. ಅವನೂ ವಿವರಿಸಲು ಬರಲಿಲ್ಲ.

ಮಾದರಿ ಪಾಠದ ದಿನ ಬಂತು. ಹಿಂದಿನ ಬೆಂಚಿನಲ್ಲಿ ಮಂಜುಳಮ್ಮ, ಪಕ್ಕದಲ್ಲಿ ಅಪ್ಪಾಜಿ. ಕಿಟಕಿಯ ಬಳಿ ಅಶೋಕ. ಶಾರದ ಹಟಕ್ಕೆ ಬಿದ್ದು ಪೆಟ್ಟಿಗೆಗಳ ಮೇಲೆ ಅಪ್ಪಾಜಿಯ ಬಿಳಿ ಪಂಚೆಯನ್ನೇ ಹೊದಿಸಿದ್ದಳು, ಥೇಟ್ ಬೊಂಬೆ ಮೆಟ್ಟಿಲು!

"ಮೂರು ಮೆಟ್ಟಿಲು, ಒಂದೊಂದರ ಅಗಲಕ್ಕೆ ನಾಲ್ಕು ಪೆಟ್ಟಿಗೆ. ಒಟ್ಟು ಎಷ್ಟು?"

"ಹನ್ನೆರಡು ಮಿಸ್!" ಇಡೀ ತರಗತಿ ಕೂಗಿತು.

ಮುಂದಿನ ಸಾಲುಗಳನ್ನಷ್ಟೇ ಎಣಿಸಿದ್ದರು, ಮೆಟ್ಟಿಲುಗಳ ಅಡಿಯಲ್ಲಿದ್ದವನ್ನು ಬಿಟ್ಟು.

"ಒಳಗಿರೋದು? ನಿಮ್ಮ ಮನೆ ಬೊಂಬೆ ಮೆಟ್ಟಿಲು ನೆನೆಸಿಕೊಳ್ಳಿ... ಭಾನುಪ್ರಿಯಾ, ನೀನು ಹೇಳು."

ಆ ಹುಡುಗಿ ತಲೆ ತಗ್ಗಿಸಿ ನಿಂತಳು. "ನಮ್ಮನೇಲಿ ಬೊಂಬೆ ಕೂರ್ಸಲ್ಲ ಮಿಸ್."

ಯಾರೋ ಕಿಸಕ್ಕೆಂದರು. ಮಗುವಿನ ಕಣ್ಣು ತುಂಬಿತು.

ಶಾರದಳಿಗೆ ಆಗ ಹೊಳೆಯಿತು. ಅವನು ಹೇಳಿದ್ದು ಇದನ್ನೇ! ಅಣಕವಲ್ಲ... ಈ ಮಗುವಿನ ಪರವಾಗಿ, ಚಿಕ್ಕವನಿದ್ದಾಗ ಇದೇ ಥರ ನಿಂತಿದ್ದ ತನ್ನ ಪರವಾಗಿಯೂ ಇರಬೇಕು. ಕಿಟಕಿಯತ್ತ ನೋಡಿದಳು. ಅಶೋಕ ಮೆಲ್ಲಗೆ ತಲೆಯಾಡಿಸಿದ.

ಪಂಚೆಯನ್ನು ಸರ್ರನೆ ಎಳೆದುಬಿಟ್ಟಳು.

"ಬೊಂಬೆ ಬೇಡ ಕಣಮ್ಮ. ನೀನು ದಿನಾ ಹತ್ತೋ ಮೆಟ್ಟಿಲು ಯಾವುದು?"

"ನಮ್ಮ ವಠಾರದ್ದು..."

"ಅದನ್ನೇ ಕಟ್ಟು ಬಾ."

ಭಾನುಪ್ರಿಯಾ ಪೆಟ್ಟಿಗೆಗಳನ್ನೆಲ್ಲ ಇಳಿಸಿ ನೆಲದಿಂದ ಕಟ್ಟತೊಡಗಿದಳು. "ಕೆಳಗೆ ಹನ್ನೆರಡು... ಅದರ ಮೇಲೆ ಎಂಟು... ತುದೀಗೆ ನಾಲ್ಕು. ಇಪ್ಪತ್ನಾಲ್ಕು ಮಿಸ್! ಅರ್ಧ ಒಳಗೇ ಅವಿತ್ಕೊಂಡಿತ್ತು!"

ತರಗತಿಯೆಲ್ಲ ಚಪ್ಪಾಳೆ! ಗಂಟೆ ಹೊಡೆಯಿತು, ಮಕ್ಕಳು ಹೊರಗೋಡಿದರು.

"ಭೇಷ್! ಯಾರಮ್ಮ ಯೋಜನೆ ಮಾಡಿದ್ದು?" ಎಂದರು ಮಂಜುಳಮ್ಮ.

ಶಾರದ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ತುದಿಯಲ್ಲಿ ಬರೆದಳು: ಶಾರದ – ಅಶೋಕ.

ಪ್ರಭುಸ್ವಾಮಿ ಕಣ್ಣು ಕಿರಿದು ಮಾಡಿದರು. "ಏನು ಬರೆದಿದ್ದಾಳೆ? ಕನ್ನಡಕ ಆಫೀಸಲ್ಲೇ ಮರೆತೆ. ಬನ್ನಿ ಮಂಜುಳಮ್ಮ, ಬೀಗ ತೆಗೀರಿ, ತಗೊಂಡ್ ಬಂದು ನೋಡೋಣ."

ಇಬ್ಬರೂ ಹೊರನಡೆದರು. ಅಶೋಕ ಓಡಿಬಂದು ಡಸ್ಟರನ್ನು ಅವಳ ಕೈಗಿಟ್ಟ.

"ಶಾರದ ಅವರೇ, ದಮ್ಮಯ್ಯ, ನನ್ನ ಹೆಸರು ಅಳಿಸಿಬುಡಿ."

"ಕೆಲಸ ಹೋಗುತ್ತೆ ಅಂತ ಭಯಾನಾ?"

"ಕೆಲಸ ಹಾಳಾಗ್ಲಿ! ನಿಮಗೆ ಮನೆ ಇಲ್ಲದಂಗಾಗುತ್ತೆ. ಬರೀ ಪಾಠಕ್ಕೆ ಬರೆದಿದ್ದು ಅಂದ್ರೆ ನಿಮ್ಮ ತಂದೆ ನಂಬ್ತಾರಾ?"

"ನೀವು ನಂಬ್ತೀರಾ?"

ಮೊಗಸಾಲೆಯಲ್ಲಿ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು.

"...ಇಲ್ಲ. ಬರೀ ಪಾಠ ಅಂತ ಮೊದಲನೇ ದಿನದಿಂದಲೂ ನಂಬಿಲ್ಲ, ಶಾರದ. ಅದಕ್ಕೇ ಕೇಳ್ತಿದೀನಿ, ಅಳಿಸಿ."

ಅವಳು ಡಸ್ಟರನ್ನು ಕಿಟಕಿಯಾಚೆ ಎಸೆದು, ಅವನ ಪಕ್ಕಕ್ಕೆ ಬಂದು ನಿಂತು ಬಾಗಿಲ ಕಡೆ ಮುಖ ಮಾಡಿದಳು.

"ಅಳಿಸಲ್ಲ."