ಲಿಂಕ್ ಕಳಿಸಿ ಕರೆದ ಮದುವೆ

ಪುತ್ತೂರಿನ ತನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದವನನ್ನು ನೋಡಿದ ಕೂಡಲೇ ಪೂಜಿತಾಳಿಗೆ ಇವನು ಗಿರಾಕಿಯೇ ಎಂದು ಖಾತ್ರಿಯಾಯಿತು. ಇಸ್ತ್ರಿ ಹಾಕಿದ ಶರ್ಟು, ಕೈಯಲ್ಲಿ ಮೊಬೈಲು, ಹಣೆಯಲ್ಲಿ ಬೆವರು. ಮದುವೆ ನಿಶ್ಚಯವಾದ ಗಂಡಸರು ಹೀಗೇ ಇರುತ್ತಾರೆ.

"ಬನ್ನಿ ಸರ್, ಕೂತ್ಕೊಳ್ಳಿ. ಮದುವೆ ಯಾವಾಗ?"

"ಆಯ್ತು."

"ಓ! ಕಂಗ್ರಾಟ್ಸ್. ಹಾಗಾದ್ರೆ ರಿಸೆಪ್ಷನ್ ಕಾರ್ಡಾ?"

"ಮದುವೆ ನಂದಲ್ಲ, ತಂಗಿದು. ನಿಮ್ಮ ವೆಬ್‌ಸೈಟಲ್ಲೇ ಎಲ್ರನ್ನೂ ಕರೆದದ್ದು. ನನ್ನ ಮಾವ ಬರ್ಲಿಲ್ಲ."

ಪೂಜಿತಾಳ ನಗು ಅಲ್ಲೇ ನಿಂತಿತು. "ಲಿಂಕ್ ಓಪನ್ ಆಗ್ಲಿಲ್ವಾ?"

"ಆಗಿದೆ ಮಾರಾಯ್ರೆ, ಅದೇ ತೊಂದರೆ. ಓಪನ್ ಮಾಡಿ ನೋಡಿದ್ದಾರೆ. ನೋಡಿದ ಮೇಲೆಯೇ ಬಾರದೆ ಕೂತದ್ದು."

ಅವನ ಹೆಸರು ಮೋಕ್ಷಿತ್. ಗುತ್ತಿಗಾರಿನಲ್ಲಿ ಹುಲ್ಲು ಕತ್ತರಿಸುವ ಮಷಿನ್, ಪಂಪುಗಳನ್ನು ರಿಪೇರಿ ಮಾಡುವ ಅಂಗಡಿ. ಅಪ್ಪ ಇಲ್ಲ. ತಂಗಿ ಯಶಸ್ವಿಯ ಕೈ ಹಿಡಿದು ಚಪ್ಪರಕ್ಕೆ ಕರೆತರಬೇಕಾಗಿದ್ದವರು ಸೋದರಮಾವ ಮೇದಪ್ಪ. ಅವರಿಗೂ ಊರಿನವರಿಗೆಲ್ಲ ಹೋದ ಹಾಗೆ ವಾಟ್ಸಾಪಿನಲ್ಲಿ ಒಂದು ಲಿಂಕ್ ಹೋಗಿತ್ತು. ಒತ್ತಿದರೆ ಓಲಗದ ಸದ್ದು, ಮೇಲಿಂದ ಹೂವಿನ ಎಸಳು ಬೀಳುವುದು. ಚಂದವೇ ಇತ್ತು. ಮೇದಪ್ಪ ಮಾತ್ರ ಮದುವೆಯ ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಅವರ ಅಕ್ಕ, ಅಂದರೆ ಮೋಕ್ಷಿತನ ಅಮ್ಮ ಪೂವಮ್ಮ, ಅವತ್ತಿನಿಂದ ತವರಿನ ಸುದ್ದಿ ಎತ್ತಿದರೆ ಎದ್ದು ಒಳಗೆ ಹೋಗುತ್ತಾರೆ.

"'ಮನೆ ಮನೆ ತಿರುಗುವ ಕಷ್ಟ ಇನ್ನಿಲ್ಲ' ಅಂತ ಸೈಟಲ್ಲಿ ಬರೆದದ್ದು ಯಾರು?"

"ನಾನೇ."

"ನಾನು ಅದನ್ನು ನಂಬಿದೆ."

"ಅಯ್ಯೋ ದೇವರೇ, ಸೋದರಮಾವನಿಗೆ ಯಾರಾದ್ರೂ ಲಿಂಕ್ ಕಳಿಸ್ತಾರಾ? ಅಷ್ಟೂ ಗೊತ್ತಾಗುದಿಲ್ವಾ?"

"ಹಾಗಂತ ಎಲ್ಲಿಯಾದ್ರೂ ಬರೆದಿದ್ರಾ?"

ಬರೆದಿರಲಿಲ್ಲ. ಪೂಜಿತಾ ಕಂಪ್ಯೂಟರ್ ಕಡೆ ತಿರುಗಿ, ಇಲ್ಲದ ಕೆಲಸವೊಂದನ್ನು ಹುಡುಕಿದಳು. "ಹಣ ವಾಪಸ್ ಕೊಡ್ತೇನೆ."

"ಹಣ ಯಾರಿಗೆ ಬೇಕು? ನಂಗೆ ಮಾವ ಬೇಕು."

ಬಾಗಿಲ ತನಕ ಹೋದವನು ಒಮ್ಮೆ ತಿರುಗಿ ನೋಡಿದ. ಸಿಟ್ಟಿನ ಕಣ್ಣಲ್ಲ ಅದು, ದಾರಿ ತಿಳಿಯದವನ ಕಣ್ಣು. ಅವಳಿಗೆ ಬೈಯಿಸಿಕೊಂಡದ್ದಕ್ಕಿಂತ ಆ ನೋಟವೇ ಹೆಚ್ಚು ಚುಚ್ಚಿತು.

ಇದು ಅವಳ ಮೂರನೆಯ ವೆಬ್‌ಸೈಟು. ಮೊದಲನೆಯದು ಹಲಸಿನ ಹಪ್ಪಳದ್ದು. ಅವಳ ಊರು ಸವಣೂರಿನ ನೆಂಟರೆಲ್ಲ "ಭಾರಿ ಲಾಯ್ಕ ಉಂಟು" ಎಂದು ಹೊಗಳಿ, ಆರ್ಡರ್ ಮಾಡದೆ, ಮನೆಗೇ ಬಂದು ಎರಡೆರಡು ಕಟ್ಟು ಪುಕ್ಕಟೆ ತೆಗೆದುಕೊಂಡು ಹೋದರು. ಎರಡನೆಯದು ಜೀಪ್ ಬುಕಿಂಗು. ಬುಕ್ ಆದದ್ದು ಗೊತ್ತಾಗಬೇಕಾದರೆ ಡ್ರೈವರ್ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕಿತ್ತು. ಅಷ್ಟರಲ್ಲಿ ಗಿರಾಕಿ ಬಸ್ಸಿನಲ್ಲಿ ಊರು ಮುಟ್ಟಿರುತ್ತಿದ್ದ. ಅವೆರಡೂ ಮುಳುಗಿದಾಗ ಅತ್ತದ್ದು ಅವಳೊಬ್ಬಳೇ. ಈ ಸಲ ಬೇರೆ ಯಾರದೋ ಮನೆ ಒಡೆದಿತ್ತು. ಅದು ಅವಳಿಂದ ಸಹಿಸಲಾಗಲಿಲ್ಲ. ಸಂಜೆ ತಾನೇ ಫೋನ್ ಮಾಡಿದಳು.

"ನಿಮ್ಮ ಮಾವನ ಹತ್ರ ನಾನೇ ಬಂದು ಮಾತಾಡ್ತೇನೆ. ತಪ್ಪು ನಂದೂ ಉಂಟಲ್ಲ."

"ನೇರ ಅಲ್ಲಿಗೆ ಹೋದ್ರೆ ಬಾಗಿಲು ಹಾಕ್ತಾರೆ. ಮೊದಲು ಉಳಿದ ನೆಂಟರ ಮನೆಗೆ ಹೋಗಿ ಸರಿ ಮಾಡುವ, ಅವರಿಗೂ ಲಿಂಕೇ ಹೋದದ್ದು. ಸುದ್ದಿ ತನ್ನಷ್ಟಕ್ಕೆ ಅಲ್ಲಿಗೆ ಮುಟ್ತದೆ."

ಹಾಗೆ ಶುರುವಾಯಿತು ಭಾನುವಾರದ ತಿರುಗಾಟ. ಮನೆ ಮನೆ ತಿರುಗುವ ಕಷ್ಟ ಇನ್ನಿಲ್ಲ ಎಂದು ಬರೆದವಳು, ಮೋಕ್ಷಿತನ ಹಳೆಯ ಜೀಪಿನಲ್ಲಿ ಕುಲುಕಾಡುತ್ತ ಮನೆ ಮನೆ ತಿರುಗಿದಳು!

ಕಡಬದ ದೇವಕಿ ದೊಡ್ಡಮ್ಮ ಬೆಲ್ಲ ನೀರು ತಂದಿಟ್ಟು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. "ಜೋಡಿ ಒಳ್ಳೆದುಂಟು. ಯಾವಾಗ?"

ಬೆಲ್ಲ ಪೂಜಿತಾಳ ಗಂಟಲಲ್ಲಿ ಸಿಕ್ಕಿತು. "ಅಲ್ಲ ದೊಡ್ಡಮ್ಮ, ನಾನು ವೆಬ್‌ಸೈಟಿನವಳು!"

"ಇರ್ಲಿ ಬಿಡು ಮಗಾ. ಎಂತ ಕೆಲಸ ಮಾಡಿದ್ರೂ ಆಗ್ತದೆ."

ನೆಲ್ಯಾಡಿಯಲ್ಲೂ ಅದೇ ಪ್ರಶ್ನೆ. ಹುಡುಗ ಹುಡುಗಿ ಜೊತೆಯಾಗಿ ಜಗಲಿ ಹತ್ತಿದರೆ ಈ ಕಡೆ ಜನ ಇನ್ನೇನು ತಿಳಿಯಬೇಕು? ವಿವರಿಸಿ ವಿವರಿಸಿ ಅವಳಿಗೆ ಸಾಕಾಗಿಹೋಯಿತು. ಮೋಕ್ಷಿತನಿಗೋ, ಕೆಂಪಾದ ಕಿವಿ ಅಡಗಿಸಲು ಜಾಗವಿಲ್ಲ.

ಚಹಾ ಬೇರೆ. ಯಾವ ಮನೆಯಲ್ಲೂ ಬೇಡ ಎನ್ನುವಂತಿಲ್ಲ. ಒಂದು ಮನೆಯಲ್ಲಿ ಅವಳು ತುಂಬಿದ ಗ್ಲಾಸನ್ನು ದೀನಳಾಗಿ ನೋಡುತ್ತಿದ್ದಾಗ, ಅವನು ಮಾತಾಡುತ್ತ ಮಾತಾಡುತ್ತಲೇ ತನ್ನ ಖಾಲಿ ಗ್ಲಾಸನ್ನು ಅವಳ ಮುಂದಿಟ್ಟು ಅವಳದ್ದನ್ನು ಎತ್ತಿ ಕುಡಿದುಬಿಟ್ಟ. ಕುಡಿಯುವಾಗ ಗ್ಲಾಸಿನ ಮೇಲಿಂದ ಒಮ್ಮೆ ಅವಳನ್ನು ನೋಡಿದ. ಅವಳು ಅಂಗಳದ ಕೋಳಿಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು.

"ನಿಮಗೆ ರಾತ್ರಿ ನಿದ್ರೆ ಬರ್ತದಾ, ಇಷ್ಟು ಚಹಾ ಕುಡಿದ್ರೆ?" ಜೀಪಿನಲ್ಲಿ ಕೇಳಿದಳು.

"ಬರುದಿಲ್ಲ." ಗೇರ್ ಬದಲಿಸಿ ಅವನು ಸೇರಿಸಿದ, "ಚಹಾದಿಂದ ಅಲ್ಲ."

ಅವಳು ಮತ್ತೇನೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಪುತ್ತೂರು ಬರುವವರೆಗೂ ತನ್ನನ್ನೇ ಬೈದುಕೊಂಡಳು.

ಸಿಟ್ಟು ಇನ್ನೊಂದೂ ಇತ್ತು. ತಾನು ಎಡವಿದ್ದು ಎಲ್ಲಿ ಎಂದು ಪ್ರತಿ ಮನೆಯೂ ಹೇಳಿಕೊಡುತ್ತಿತ್ತು, ತಡವಾಗಿ. ತಾರೀಕು, ಮದುವೆ ಹಾಲ್‌ನ ಹೆಸರು ಯಾರಿಗೂ ದೊಡ್ಡದಲ್ಲ. ಬಿಸಿಲಲ್ಲಿ ಬಂದು ಕೂತು, ನೀರು ಕುಡಿದು, ದನ ಕರು ಹಾಕಿತಾ, ಮಂಡಿನೋವು ಹೇಗುಂಟು ಎಂದು ಕೇಳುವ ಮನುಷ್ಯ ಬೇಕು. ಅದಕ್ಕೆ ಅವಳು 'ಕಷ್ಟ' ಎಂದು ಹೆಸರಿಟ್ಟು, ಅದನ್ನು ತಪ್ಪಿಸುವುದನ್ನೇ ಮಾರಲು ಹೊರಟಿದ್ದಳು. ಥೂ, ಎಂಥ ಬುದ್ಧಿ! ಸೈಟನ್ನು ಮುಚ್ಚಿಬಿಡುವುದೆಂದು ತೀರ್ಮಾನಿಸಿದಳು. ಮುಚ್ಚುವ ಮೊದಲು ಮೇದಪ್ಪನವರನ್ನು ಅಕ್ಕನ ಮನೆಗೆ ತಲುಪಿಸಬೇಕು, ಅಷ್ಟೇ.

ಕೊನೆಗೆ ಆ ಮನೆಯೂ ಬಂತು, ಕಾಡಿನ ಅಂಚಿನಲ್ಲಿ. ಮೇದಪ್ಪ ಬಾಗಿಲು ಹಾಕಲಿಲ್ಲ. ತಾವೇ ಚಾಪೆ ಹಾಸಿದರು, ಬೆಲ್ಲ ನೀರು ತಂದರು. ಹುಡುಗಿಗೆ ತಮ್ಮ ಮನೆಮಾತು ಅರೆಭಾಷೆ ಬಾರದೆಂದು ಕನ್ನಡದಲ್ಲೇ ಮಾತಾಡಿದರು.

"ಕಡಬದ ದೇವಕಿ ಎಲ್ಲ ಹೇಳಿದ್ರು. ತಂಗಿ ಮದುವೆಗೆ ನಿಂಗೆ ಇಲ್ಲಿಗೆ ಬರ್ಲಿಕ್ಕೆ ಕಾಲು ಇರ್ಲಿಲ್ಲ. ನಿನ್ನ ಮದುವೆಗಾದ್ರೂ ಹುಡುಗಿಯನ್ನು ಕರ್ಕೊಂಡು ಬಂದ್ಯಲ್ಲ, ಸಂತೋಷ. ಬರ್ತೇನೆ ಅಂತ ಅಕ್ಕನಿಗೆ ಹೇಳು."

ಪೂಜಿತಾ ಮೋಕ್ಷಿತನ ಕಡೆ ನೋಡಿದಳು. ಸುಮ್ಮನಿದ್ದರೆ ಸಾಕು, ಎಲ್ಲ ಸರಿಯಾಗುತ್ತದೆ. ಅವಳು ತಲೆ ತಗ್ಗಿಸಿದಳು. ಸುಮ್ಮನಿರುವುದು ಪೂವಮ್ಮನಿಗಾಗಿ ಮಾತ್ರ ಅಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಮನುಷ್ಯನ ಪಕ್ಕದಲ್ಲಿ, ಈ ಚಾಪೆಯ ಮೇಲೆ, ಮದುಮಗಳೆಂದು ಕರೆಸಿಕೊಂಡು ಕೂರುವುದು ಅವಳಿಗೆ ಇಷ್ಟವಾಗಿತ್ತು.

"ಇಲ್ಲ ಮಾವ," ಎಂದ ಮೋಕ್ಷಿತ್. "ನಮಗೆ ಮದುವೆ ಇಲ್ಲ. ಇವರು ಆ ಲಿಂಕ್ ಮಾಡಿದವರು. ನಾವು ಕ್ಷಮೆ ಕೇಳ್ಲಿಕ್ಕೆ ಬಂದದ್ದು."

ಮೇದಪ್ಪನವರ ಮುಖ ಕಪ್ಪಿಟ್ಟಿತು. ಎದ್ದು ಒಳಗೆ ಹೋದರು.

ಜೀಪಿನ ಹತ್ತಿರ ಬರುವಷ್ಟರಲ್ಲಿ ಪೂಜಿತಾಳ ತಾಳ್ಮೆ ತೀರಿತ್ತು. "ಎರಡು ನಿಮಿಷ ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗ್ಲಿಲ್ವಾ ನಿಮಗೆ? ಎಲ್ಲ ಸರಿಯಾಗಿತ್ತು!"

"ಸುಳ್ಳು ಹೇಳಿ ಮಾವನನ್ನು ಕರ್ಕೊಂಡು ಹೋಗುದಾ?"

"ಸುಳ್ಳು ಅಂತ ಯಾರು ಹೇಳಿದ್ದು?"

ಬಾಯಿ ತಪ್ಪಿ ಬಂದೇಬಿಟ್ಟಿತು. ಅವಳು ತುಟಿ ಕಚ್ಚಿಕೊಂಡಳು. ಮೋಕ್ಷಿತ್ ಕೀಲಿಕೈ ಹಿಡಿದುಕೊಂಡೇ ನಿಂತ.

"ಎಂತ ಹೇಳಿದ್ರಿ?"

"ಎಂತ ಇಲ್ಲ. ಗಾಡಿ ತೆಗೀರಿ."

ಅವನು ಗಾಡಿ ತೆಗೆಯಲಿಲ್ಲ. "ನಿಮ್ಮನ್ನು ಒಂದು ಮಾತು ಕೇಳದೆ ಒಳಗೆ ಹೇಗೆ ಹೌದು ಅನ್ನುದು? ಮಾವನಿಗೆ ಮಾಡಿದ ತಪ್ಪನ್ನೇ ನಿಮಗೂ ಮಾಡಿದ ಹಾಗೆ ಆಗ್ತಿತ್ತು. ಈಗ ಕೇಳ್ತೇನೆ. ನಂಗೆ ನೀವಂದ್ರೆ ಇಷ್ಟ ಪೂಜಿತಾ. ವಾರ ಇಡೀ ಭಾನುವಾರಕ್ಕೆ ಕಾಯುದೇ ಆಗಿದೆ. ನನ್ನನ್ನು ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. "ನಾನು ಕೈ ಹಾಕಿದ್ದೆಲ್ಲ ಮುಳುಗಿದೆ, ನೋಡಿದ್ದೀರಲ್ಲ."

"ನಾನು ವೆಬ್‌ಸೈಟ್ ಅಲ್ಲ ಮಾರಾಯ್ತಿ!"

ಅಳು ಬಂದಿದ್ದವಳಿಗೆ ನಗು ಬಂತು. ಕಣ್ಣೊರೆಸಿಕೊಂಡವಳೇ, ಅವನನ್ನು ಅಲ್ಲೇ ಬಿಟ್ಟು, ಸರಸರನೆ ಅಂಗಳ ದಾಟಿ ಮತ್ತೆ ಜಗಲಿ ಹತ್ತಿದಳು.

"ಮಾವಾ!"

ಮೇದಪ್ಪ ಬಾಗಿಲಿಗೆ ಬಂದರು. "ಇನ್ನೆಂತ?"

"ಮದುವೆ ಉಂಟು."

"ಅವ ಇಲ್ಲ ಅಂದ."

"ಆಗ ಇರ್ಲಿಲ್ಲ. ಈಗ ಉಂಟು. ನನ್ನ ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಪೂವಮ್ಮ ಅತ್ತೆಗೂ ಗೊತ್ತಿಲ್ಲ. ಮೊದಲು ನಿಮಗೇ ಹೇಳ್ತಾ ಇರುದು. ಸವಣೂರಿಗೆ ಹೆಣ್ಣು ಕೇಳ್ಲಿಕ್ಕೆ ಅವರ ಕಡೆಯಿಂದ ಬರುವ ಹಿರಿಯರು ಬೇರೆ ಯಾರಿದ್ದಾರೆ?"

ಮುದುಕರು ಅವಳನ್ನು ನೋಡಿದರು, ಜೀಪಿಗೆ ಒರಗಿ ನಿಂತ ಅಳಿಯನನ್ನು ನೋಡಿದರು. ಅವನ ಮುಖ ನೋಡಿದರೆ ಯಾರಿಗೂ ಸಂಶಯ ಉಳಿಯುವಂತಿರಲಿಲ್ಲ.

"ನಿಲ್ಲು, ಅಂಗಿ ಹಾಕ್ತೇನೆ."

ಬಿಳಿ ಅಂಗಿ ತೊಟ್ಟು ಬಂದ ಮೇದಪ್ಪ ಜೀಪಿನ ಮುಂದಿನ ಸೀಟು ಹತ್ತಿ ಕೂತರು. ಪೂಜಿತಾ ಹಿಂದೆ ಕೂತಳು. ಮೋಕ್ಷಿತ್ ಕನ್ನಡಿಯಲ್ಲಿ ಅವಳನ್ನು ನೋಡಿದ, ನೋಡುತ್ತಲೇ ಇದ್ದ.

"ಹಿಂದೆ ಎಂತ ನೋಡುದು? ಮುಂದೆ ನೋಡಿ ಗಾಡಿ ಬಿಡು," ಎಂದು ಗದರಿದ ಮೇದಪ್ಪ, ಪಕ್ಕಕ್ಕೆ ತಿರುಗಿ ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡರು. "ಅಕ್ಕ ಊಟಕ್ಕೆ ಕೂರುವ ಮೊದಲು ಮುಟ್ಬೇಕು."